ಹನ್ನೊಂದು ತಿಂಗಳ ಕರಾರು

1873ರಲ್ಲಿ ಇಂಗ್ಲೆಂಡಿನ ಒಬ್ಬ ಪಾದ್ರಿ ಮತ್ತು ಅವರ ಹೆಂಡತಿ ಬೇರೆಯಾದರು. ವಿಚ್ಛೇದನವಲ್ಲ, ಆ ಕಾಲದಲ್ಲಿ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಒಂದು ಕರಾರುಪತ್ರ ಬರೆಸಿ, ಇಬ್ಬರೂ ಸಹಿ ಹಾಕಿ, ಬೇರೆ ಬೇರೆ ಮನೆ ಮಾಡಿದರು. ಇಬ್ಬರು ಮಕ್ಕಳು. ನಾಲ್ಕು ವರ್ಷದ ಮಗ ಡಿಗ್ಬಿ ಅಪ್ಪನ ಹತ್ತಿರ ಉಳಿದ. ಮೂರು ವರ್ಷದ ಮಗಳು ಮೇಬೆಲ್ ಅಮ್ಮನ ಹತ್ತಿರ ಹೋದಳು. ಮಗಳು ವರ್ಷಕ್ಕೆ ಹನ್ನೊಂದು ತಿಂಗಳು ತಾಯಿಯ ಬಳಿ ಇರತಕ್ಕದ್ದು, ಉಳಿದ ಒಂದು ತಿಂಗಳು ತಂದೆಗೆ ಎಂದು ಕರಾರಾಯಿತು.

ಪಾದ್ರಿಯ ಹೆಸರು ಫ್ರಾಂಕ್ ಬೆಸೆಂಟ್. ಹೆಂಡತಿಯ ಹೆಸರು ಆನಿ. ಹೌದು, ಅದೇ ಆನಿ ಬೆಸೆಂಟ್. ನಾನಿರುವ ಚೆನ್ನೈನಲ್ಲಿ ಅವರ ಹೆಸರಿನ ಬಡಾವಣೆ ಇದೆ, ಮುಂಬೈಯ ವರ್ಲಿಯಲ್ಲಿ ರಸ್ತೆ ಇದೆ, ಮಂಗಳೂರಿನಲ್ಲಿ ಶಾಲೆಗಳಿವೆ. ಹೋಂ ರೂಲ್ ಚಳವಳಿ, 1917ರ ಕಾಂಗ್ರೆಸ್ ಅಧ್ಯಕ್ಷತೆ ಅಂತ ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದು ಬಿಟ್ಟರೆ, ಆಕೆಗೆ ಮಕ್ಕಳಿದ್ದರು ಎಂಬುದೇ ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಮಕ್ಕಳು ಯಾರ ಬಳಿ ಇರಬೇಕು ಎಂಬ ಪ್ರಶ್ನೆಯ ಮೇಲೆ ಆಕೆ ಎರಡು ಸಲ ನ್ಯಾಯಾಲಯದ ಕಟ್ಟೆ ಹತ್ತಿದರು. ಮೊದಲ ಸಲ ತಾಯಿಯಾಗಿ ನಿಂತು ಸೋತರು. ಸುಮಾರು 35 ವರ್ಷದ ನಂತರ, ಇದೇ ಮದರಾಸಿನಲ್ಲಿ, ಇನ್ನೊಬ್ಬರ ಮಕ್ಕಳನ್ನು ಅವರ ತಂದೆಗೆ ಬಿಟ್ಟುಕೊಡುವುದಿಲ್ಲ ಎಂದು ಹೋರಾಡಿ ಗೆದ್ದರು. ಇದನ್ನು ಓದಿದಂದಿನಿಂದ ಅಡ್ಯಾರ್ ಸೇತುವೆಯ ಮೇಲೆ ಟ್ರಾಫಿಕ್‌ನಲ್ಲಿ ನಿಂತಾಗಲೆಲ್ಲ ಪಕ್ಕದ ಥಿಯಾಸಾಫಿಕಲ್ ಸೊಸೈಟಿಯ ಮರಗಳ ಕಡೆ ನನ್ನ ಕಣ್ಣು ಹೋಗುತ್ತದೆ.

ಇದನ್ನೆಲ್ಲ ನಾನು ಓದತೊಡಗಿದ್ದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ಅವಳ ತಾಯಿಯ ಜೊತೆ ಬೆಂಗಳೂರಿನಲ್ಲಿದ್ದಾಳೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅವಳು ನನ್ನ ಜೊತೆ ಇರುತ್ತಾಳೆ. ಹಿಂದಿನ ರಾತ್ರಿ ಬೆಂಗಳೂರು ಮೇಲ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿರಬಹುದು. ಆದೇಶವನ್ನು ಓದಿ ಹೇಳುತ್ತ ನಮ್ಮ ವಕೀಲರು ಈ ಏರ್ಪಾಡಿಗೆ ಬಳಸಿದ ಪದ ‘ಆಕ್ಸೆಸ್’. ನಮ್ಮ ಕಸುಬಿನಲ್ಲಿ ದಿನಕ್ಕೆ ಹತ್ತು ಸಲ ಬಳಸುವ ಪದ ಅದು. ಯಾರಿಗೆ ಯಾವ ಸರ್ವರ್‌ಗೆ ಆಕ್ಸೆಸ್ ಕೊಡಬೇಕು, ಯಾರಿಗೆ ಓದಲು ಮಾತ್ರ, ಯಾರದನ್ನು ಯಾವಾಗ ತೆಗೆಯಬೇಕು ಅಂತ. ಮಗುವಿಗೆ ಈ ಪದವನ್ನು ಮೊದಲು ಅಂಟಿಸಿದ್ದು ಯಾರು ಎಂಬ ಕುತೂಹಲದಿಂದ ಶುರುವಾದ ಓದು ಇದು. (ಪ್ರಾಜೆಕ್ಟ್ ಮ್ಯಾನೇಜರನ ಚಟಕ್ಕೆ ಒಂದು ಲೆಕ್ಕವನ್ನೂ ಮಾಡಿದ್ದೆ. ಮಗಳಿಗೆ ಈಗ ಒಂಬತ್ತು. ಹದಿನೆಂಟು ತುಂಬುವವರೆಗೆ 216 ಶನಿವಾರ, ದಿನಕ್ಕೆ ಏಳು ಗಂಟೆಯಂತೆ 1512 ಗಂಟೆ. ಅಂದರೆ 63 ದಿನ.)

ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಈ ಪದಕ್ಕೆ ಅವಕಾಶವೇ ಇರಲಿಲ್ಲ, ಏಕೆಂದರೆ ಅಲ್ಲಿ ಹಂಚಿಕೊಳ್ಳುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಮದುವೆಯಲ್ಲಿ ಹುಟ್ಟಿದ ಮಗು ಅಪ್ಪನದು. 1804ರ ಒಂದು ಮೊಕದ್ದಮೆಯಲ್ಲಿ ಬೇರೆಯಾಗಿದ್ದ ತಂದೆಯೊಬ್ಬ ಎಂಟು ತಿಂಗಳ ಕೂಸನ್ನು ತಾಯಿಯಿಂದ ಬಲವಂತವಾಗಿ ಕಿತ್ತುಕೊಂಡು ಹೋದ. ಇನ್ನೂ ಮೊಲೆಹಾಲು ಕುಡಿಯುತ್ತಿದ್ದ ಮಗು. ನ್ಯಾಯಾಲಯ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಂದೆಯೇ ಮಗುವಿನ ಹಕ್ಕುದಾರ, ಅವನು ತನ್ನದನ್ನು ತಾನು ತೆಗೆದುಕೊಂಡಿದ್ದಾನೆ, ಅಷ್ಟೇ.

ಇದು ಜಗತ್ತಿನ ನಿಯಮವೇನಲ್ಲ. ನಮ್ಮ ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಮಗು ತಾಯಿಯ ಮನೆತನಕ್ಕೆ ಸೇರಿದ್ದು, ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. ಲಂಡನ್ನಿನ ನ್ಯಾಯಾಧೀಶರು ಪ್ರಕೃತಿನಿಯಮ ಎಂದುಕೊಂಡಿದ್ದು ಉಡುಪಿಯ ಅಂಗಳದಲ್ಲಿ ತಮಾಷೆಯಾಗಿ ಕೇಳಿಸುತ್ತಿತ್ತು. ಆದರೆ ಮುಂದೆ ಇಡೀ ಭಾರತಕ್ಕೆ ಕಾನೂನು ಬರೆದವರು ಉಡುಪಿಯವರಲ್ಲ.

‘ಆಕ್ಸೆಸ್’ ಎಂಬ ಪದವನ್ನು ಕಾನೂನಿನ ಪುಸ್ತಕಕ್ಕೆ ತಂದದ್ದು ಕ್ಯಾರೊಲಿನ್ ನಾರ್ಟನ್ ಎಂಬ ಕವಯಿತ್ರಿಯ ಹಟ. 1827ರಲ್ಲಿ ವಕೀಲ ಜಾರ್ಜ್ ನಾರ್ಟನ್ ಜೊತೆ ಮದುವೆ, ಹೊಡೆತ ಬಡಿತದ ಸಂಸಾರ, ಮೂವರು ಗಂಡುಮಕ್ಕಳು. 1836ರಲ್ಲಿ ಗಂಡ ಮೂವರನ್ನೂ ಆಕೆಯಿಂದ ದೂರ ಸಾಗಿಸಿದ. ಅದು ಸಾಲದೆಂಬಂತೆ, ನನ್ನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡಿದ್ದಾರೆ ಎಂದು ಆಗಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಮೇಲೆ ದಾವೆ ಹೂಡಿದ. ತೀರ್ಪುಗಾರರು ಕೂತಲ್ಲಿಂದ ಏಳದೆಯೇ ಅದನ್ನು ತಳ್ಳಿಹಾಕಿದರು. ಆಕೆಯ ಮೇಲಿನ ಆರೋಪ ಬಿದ್ದುಹೋಯಿತು. ಆದರೂ ಮಕ್ಕಳು ಸಿಗಲಿಲ್ಲ, ಏಕೆಂದರೆ ಗುಣವತಿಯಾದ ತಾಯಿಗೂ ಕಾನೂನಿನಲ್ಲಿ ಹಕ್ಕಿರಲಿಲ್ಲ.

ನಾರ್ಟನ್ ಕರಪತ್ರಗಳನ್ನು ಬರೆದರು. ಹೆಂಗಸಿನ ಮಾತನ್ನು ಸಂಸತ್ತು ಕೇಳದು ಎಂದು ಒಂದನ್ನು ಪಿಯರ್ಸ್ ಸ್ಟೀವನ್ಸನ್ ಎಂಬ ಗಂಡಸಿನ ಹೆಸರಿನಲ್ಲಿ ಪ್ರಕಟಿಸಿದರು. ಟಾಲ್ಫರ್ಡ್ ಎಂಬ ಸಂಸದರು ಮಸೂದೆ ಮಂಡಿಸಿದರು. 1838ರಲ್ಲಿ ಮೇಲ್ಮನೆ ಅದನ್ನು ತಿರಸ್ಕರಿಸಿತು, 1839ರಲ್ಲಿ ಒಪ್ಪಿತು. ಮಕ್ಕಳ ಪಾಲನೆಯ ಆ ಕಾಯಿದೆಯಂತೆ ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿ ಅರ್ಜಿ ಹಾಕಬಹುದು, ದೊಡ್ಡ ಮಕ್ಕಳನ್ನು ನೋಡಲು ಅವಕಾಶ ಕೇಳಬಹುದು. ವ್ಯಭಿಚಾರ ಸಾಬೀತಾದವಳಿಗೆ ಎರಡೂ ಇಲ್ಲ. ಇಂದಿನ ಕಣ್ಣಿಗೆ ಇದು ಜುಜುಬಿ. ಆದರೆ ತಂದೆಯ ಹಕ್ಕಿನ ಗೋಡೆಯಲ್ಲಿ ಮೊದಲ ಕಿಂಡಿ ಬಿದ್ದದ್ದು ಆಗಲೇ. ಇಂದು ನನ್ನಂಥ ಅಪ್ಪಂದಿರು ನೆಚ್ಚಿಕೊಂಡಿರುವ ಭೇಟಿಯ ಹಕ್ಕು ಮೂಲತಃ ಅಮ್ಮಂದಿರಿಗಾಗಿ ಹೋರಾಡಿ ಪಡೆದದ್ದು. ಅಪ್ಪಂದಿರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ನಾರ್ಟನ್‌ಗೆ ತಾನು ತಂದ ಕಾಯಿದೆಯ ಫಲ ಸಿಗಲಿಲ್ಲ. ಗಂಡ ಮಕ್ಕಳನ್ನು ಸ್ಕಾಟ್ಲೆಂಡಿಗೆ ಕಳಿಸಿದ್ದ, ಆ ಕಾಯಿದೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದು ಗಾಯಗೊಂಡು ತೀರಿಕೊಂಡ. ಹೇಳಿಕಳಿಸಿದ ಮೇಲೆ ತಾಯಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲಷ್ಟೇ ಉಳಿದ ಇಬ್ಬರನ್ನು ನೋಡುವ ವಿಷಯದಲ್ಲಿ ಗಂಡ ಸಡಿಲವಾದ.

ಈಗ ಬೆಸೆಂಟ್ ದಂಪತಿಗೆ ಬರೋಣ. ಬೇರೆಯಾದ ಮೇಲೆ ಆನಿ ಬೆಸೆಂಟ್ ನಿರೀಶ್ವರವಾದಿಯಾದರು, ಚಾರ್ಲ್ಸ್ ಬ್ರಾಡ್ಲಾ ಜೊತೆ ಸೇರಿ ಊರೂರು ಭಾಷಣ ಮಾಡಿದರು. 1877ರಲ್ಲಿ ಇಬ್ಬರೂ ಸೇರಿ ಗರ್ಭನಿರೋಧದ ಬಗೆಗಿನ ಒಂದು ಹಳೆಯ ಪುಸ್ತಕವನ್ನು ಬಡವರಿಗೂ ಎಟುಕುವಂತೆ ಆರು ಪೆನ್ಸ್ ಬೆಲೆಗೆ ಅಚ್ಚು ಹಾಕಿದರು. ಅಶ್ಲೀಲತೆಯ ಮೊಕದ್ದಮೆಯಾಯಿತು, ಶಿಕ್ಷೆಯೂ ಆಯಿತು, ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ಅದು ಬಿದ್ದುಹೋಯಿತು. ಇಷ್ಟರಲ್ಲಿ ಫ್ರಾಂಕ್ ಬೆಸೆಂಟ್ ಕರಾರುಪತ್ರವನ್ನು ಪಕ್ಕಕ್ಕಿಟ್ಟು ಮಗಳನ್ನು ತನಗೇ ಕೊಡಿಸಿ ಎಂದು ಅರ್ಜಿ ಹಾಕಿದ್ದರು. ಕೊಟ್ಟ ಕಾರಣ ಎರಡು: ತಾಯಿಗೆ ದೇವರಿಲ್ಲ; ತಾಯಿ ಇಂಥ ಪುಸ್ತಕ ಪ್ರಕಟಿಸಿದ್ದಾಳೆ.

1878ರಲ್ಲಿ ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್ ಅವರ ಮುಂದೆ ಆನಿ ಬೆಸೆಂಟ್ ವಕೀಲರಿಲ್ಲದೆ ತಾವೇ ವಾದಿಸಿದರು. ಮಗುವನ್ನು ಚೆನ್ನಾಗಿ ನೋಡಿಕೊಂಡಿಲ್ಲ ಎಂದು ಯಾರೂ ಹೇಳಲಿಲ್ಲ. ಆದರೂ, ಮರ್ಯಾದಸ್ಥ ಹೆಂಗಸರು ಯಾರೂ ಸೇರಿಸದಂಥ ತಾಯಿಯ ಮಗಳಾಗಿ ಬೆಳೆದರೆ ಹುಡುಗಿಯ ಗತಿಯೇನು ಎಂಬ ಧಾಟಿಯಲ್ಲಿ ತೀರ್ಪು ಬಂತು. ಹನ್ನೊಂದು ತಿಂಗಳ ಕರಾರು ಹರಿದ ಕಾಗದವಾಯಿತು. ಮೇಬೆಲ್ ಆಗಷ್ಟೇ ಕೆಂಜ್ವರದಿಂದ ಚೇತರಿಸಿಕೊಂಡಿದ್ದಳು. ಕಿರುಚಿಕೊಂಡು ಒದ್ದಾಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋದದ್ದನ್ನು ಆನಿ ಬೆಸೆಂಟ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಏಳು ವರ್ಷದ ಹುಡುಗಿ.

ಮರುವರ್ಷ ಮೇಲ್ಮನವಿಯಲ್ಲೂ ಮಗಳು ಸಿಗಲಿಲ್ಲ, ಮಕ್ಕಳನ್ನು ನೋಡುವ ಅವಕಾಶ ಸಿಕ್ಕಿತು. ನಾನು ಬಹಳ ಹೊತ್ತು ನಿಂತುಬಿಟ್ಟದ್ದು ಇಲ್ಲಿ. ಸಿಕ್ಕ ಅವಕಾಶವನ್ನು ಆಕೆ ಬಿಟ್ಟುಕೊಟ್ಟರು. ಪ್ರತಿ ಭೇಟಿಯೂ ಮಕ್ಕಳನ್ನು ಕಲಕಿಬಿಡುತ್ತದೆ, ಎರಡು ಮನೆಯ ನಡುವೆ ಅವರ ಮನಸ್ಸು ಹರಿದುಹೋಗುತ್ತದೆ ಎಂದು ಅನ್ನಿಸಿ, ಅವರು ದೊಡ್ಡವರಾಗಿ ತಾವೇ ತೀರ್ಮಾನಿಸುವವರೆಗೆ ನೋಡುವುದೇ ಇಲ್ಲ ಎಂದು ನಿಶ್ಚಯಿಸಿದರು. ಬೆಳೆದ ಮೇಲೆ ಇಬ್ಬರೂ ತಾವಾಗಿ ಅಮ್ಮನ ಬಳಿಗೆ ಬಂದರು, ಅದು ನಿಜ. ಇದನ್ನು ತ್ಯಾಗ ಎಂದು ಕೊಂಡಾಡುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮಗು ಅತ್ತು ಹೋದರೂ ಮುಂದಿನ ಶನಿವಾರ ಅಪ್ಪ ಬಾಗಿಲಲ್ಲಿ ನಿಂತಿರುತ್ತಾನೆ ಎಂಬುದು ಅದಕ್ಕೆ ಗೊತ್ತಿರಬೇಕು. ಹೀಗೆ ಹೇಳುವುದು ಹತ್ತೊಂಬತ್ತನೆಯ ಶತಮಾನದ ಆ ಪಾದ್ರಿಮನೆಯ ಬಾಗಿಲಲ್ಲಿ ನಿಂತ ಹೆಂಗಸಿಗಿಂತ ನನಗೆ ಸುಲಭ ಎನ್ನುವುದನ್ನೂ ಒಪ್ಪುತ್ತೇನೆ.

ಇಂಗ್ಲೆಂಡಿನಲ್ಲಿ 1886ರ ಕಾಯಿದೆ ಮಗುವಿನ ಹಿತವನ್ನೂ ತಾಯಿಯ ಇಷ್ಟವನ್ನೂ ನೋಡಿ ಎಂದು ನ್ಯಾಯಾಧೀಶರಿಗೆ ಹೇಳಿತು. ನಾಲ್ಕು ವರ್ಷದ ನಂತರ ನಮಗೆ 1890ರ ಪೋಷಕರು ಮತ್ತು ಪೋಷಿತರ ಕಾಯಿದೆ ಬಂತು. ಇದು ಅರ್ಧ ಹಳೆಯದು, ಅರ್ಧ ಹೊಸದು. 17ನೇ ಕಲಮು ಮಗುವಿನ ಹಿತ ನೋಡಿ ಎನ್ನುತ್ತದೆ. 19ನೇ ಕಲಮು, ತಂದೆ ಬದುಕಿದ್ದು ಅಯೋಗ್ಯನಲ್ಲದಿದ್ದರೆ ಬೇರೆ ಪೋಷಕರನ್ನು ನೇಮಿಸಬೇಡಿ ಎನ್ನುತ್ತಿತ್ತು. 9ನೇ ಕಲಮು ಸಪ್ಪೆಯಾಗಿ ಕಾಣುತ್ತದೆ: ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಆ ಜಿಲ್ಲೆಯ ನ್ಯಾಯಾಲಯಕ್ಕೇ ಅರ್ಜಿ ಹಾಕಬೇಕು. ಕೆಲಸಕ್ಕಾಗಿ ಊರು ಬಿಟ್ಟು ಪುಣೆ, ಹೈದರಾಬಾದ್, ಗುರುಗ್ರಾಮ ಎಂದು ಅಲೆಯುವ ನಮ್ಮಂಥವರ ಮೊಕದ್ದಮೆಗಳು ಮೊದಲ ಒಂದು ವರ್ಷ ತಿರುಗುವುದು ಈ ಕಲಮಿನ ಸುತ್ತಲೇ.

ಮದರಾಸಿನ ಪ್ರಸಿದ್ಧ ಮೊಕದ್ದಮೆಯೂ ಕೊನೆಗೆ ಬಂದು ನಿಂತದ್ದು ಅಲ್ಲೇ. 1907ರ ಹೊತ್ತಿಗೆ ಆನಿ ಬೆಸೆಂಟ್ ನಿರೀಶ್ವರವಾದ ಬಿಟ್ಟು ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದರು. 1909ರಲ್ಲಿ ನಾರಾಯಣಯ್ಯ ಎಂಬ ತೆಲುಗು ಬ್ರಾಹ್ಮಣರು, ರೆವಿನ್ಯೂ ಇಲಾಖೆಯಿಂದ ನಿವೃತ್ತರಾದ ವಿಧುರರು, ಮಕ್ಕಳನ್ನು ಕಟ್ಟಿಕೊಂಡು ಅಡ್ಯಾರ್‌ಗೆ ಬಂದರು. ನಮ್ಮ ಕೋಲಾರದ ಗಡಿಯಾಚೆಗಿನ ಮದನಪಲ್ಲಿಯ ಕಡೆಯವರು. ಅವರ ಒಬ್ಬ ಮಗನನ್ನು ಸೊಸೈಟಿಯ ಲೆಡ್‌ಬೀಟರ್ ಕಡಲತೀರದಲ್ಲಿ ನೋಡಿ, ಇವನೇ ಮುಂದಿನ ಜಗದ್ಗುರು ಎಂದರು. ಆ ಹುಡುಗ ಜಿಡ್ಡು ಕೃಷ್ಣಮೂರ್ತಿ. 1910ರ ಮಾರ್ಚ್‌ನಲ್ಲಿ ನಾರಾಯಣಯ್ಯನವರು ಕೃಷ್ಣಮೂರ್ತಿ ಮತ್ತು ಅವನ ತಮ್ಮ ನಿತ್ಯಾನಂದನ ಪೋಷಕತ್ವವನ್ನು ಆನಿ ಬೆಸೆಂಟರಿಗೆ ಬರೆದುಕೊಟ್ಟರು. ಮತ್ತೆ ಒಂದು ಕರಾರುಪತ್ರ.

ಎರಡು ವರ್ಷದಲ್ಲಿ ತಂದೆಯ ಮನಸ್ಸು ತಿರುಗಿತು. ಮಗನನ್ನು ದೇವರಂತೆ ಪೂಜಿಸುವುದು ಅವರಿಗೆ ಸರಿಬರಲಿಲ್ಲ. ಲೆಡ್‌ಬೀಟರ್ ನಡತೆಯ ಮೇಲೆ ಗಂಭೀರ ಆರೋಪಗಳನ್ನೂ ಮಾಡಿದರು. ಅಷ್ಟರಲ್ಲಿ ಹುಡುಗರು ಇಂಗ್ಲೆಂಡ್ ಸೇರಿದ್ದರು. 1912ರಲ್ಲಿ ನಾರಾಯಣಯ್ಯನವರು ಚೆಂಗಲ್‌ಪೇಟೆಯಲ್ಲಿ ದಾವೆ ಹೂಡಿದರು, ಅದು ಮದರಾಸು ಹೈಕೋರ್ಟಿಗೆ ಬಂತು. ತಂದೆಯ ಪರ ವಾದಿಸಿದವರು ಮುಂದೆ ತಿರುವಾಂಕೂರಿನ ದಿವಾನರಾದ ಸಿ. ಪಿ. ರಾಮಸ್ವಾಮಿ ಅಯ್ಯರ್. ಎದುರಿಗೆ, 1878ರಲ್ಲಿ ಮಾಡಿದಂತೆಯೇ, ಆನಿ ಬೆಸೆಂಟ್ ಸ್ವತಃ. ಆಗ ತಂದೆಯ ಹಕ್ಕೆಂಬುದು ಎಷ್ಟು ಕ್ರೂರ ಎಂದು ಅನುಭವಿಸಿದ್ದ ಹೆಂಗಸು, ಈಗ ಅದೇ ಹಕ್ಕನ್ನು ಹಿಡಿದು ಬಂದ ತಂದೆಯ ಎದುರು ನಿಂತಿದ್ದರು. ಇಲ್ಲಿ ಯಾರ ಪರ ನಿಲ್ಲಬೇಕೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಈಗ ನಾರಾಯಣಯ್ಯನವರ ಪರ ಸ್ವಲ್ಪ ವಾಲಿದ್ದೇನೆ. ಮಕ್ಕಳನ್ನು ಒಳ್ಳೆಯ ಕಡೆ ಓದಲಿ ಎಂದು ಕಳಿಸಿ, ಆಮೇಲೆ ಅವರು ತನ್ನವರೇ ಅಲ್ಲವಾಗುವುದನ್ನು ದೂರದಿಂದ ನೋಡಿದ ಮನುಷ್ಯ ಅವರು.

1913ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬೇಕ್‌ವೆಲ್ ಮಕ್ಕಳನ್ನು ತಂದೆಗೆ ಒಪ್ಪಿಸಿ ಎಂದರು. ಅದೇ ಅಕ್ಟೋಬರ್‌ನಲ್ಲಿ ಮೇಲ್ಮನವಿಯಲ್ಲೂ ಅದೇ ಆಯಿತು. ಆನಿ ಬೆಸೆಂಟ್ ಲಂಡನ್ನಿನ ಪ್ರೀವಿ ಕೌನ್ಸಿಲ್‌ಗೆ ಹೋದರು. 1914ರ ಮೇ ತಿಂಗಳಲ್ಲಿ ಅಲ್ಲಿ ದಾವೆಯೇ ವಜಾ ಆಯಿತು. ಹುಡುಗರು ಇಂಗ್ಲೆಂಡಿನಲ್ಲಿರುವಾಗ ಅವರು ಚೆಂಗಲ್‌ಪೇಟೆ ಜಿಲ್ಲೆಯ ವಾಸಿಗಳಾಗುವುದು ಹೇಗೆ ಎಂಬುದೊಂದು ಕಾರಣ. ಅಷ್ಟು ಬೆಳೆದ ಹುಡುಗರನ್ನು ಒಂದು ಮಾತೂ ಕೇಳದೆ ಸಮುದ್ರ ದಾಟಿಸಿ ತನ್ನಿ ಎಂದು ಆದೇಶಿಸುವಂತಿಲ್ಲ ಎಂಬುದು ಇನ್ನೊಂದು. ಆ ಹೊತ್ತಿಗೆ ಕೃಷ್ಣಮೂರ್ತಿ ಹತ್ತೊಂಬತ್ತರ ಹೊಸ್ತಿಲಲ್ಲಿದ್ದರು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ತಂದೆ ಬರೆದುಕೊಟ್ಟ ಪೋಷಕತ್ವ ಶಾಶ್ವತವಲ್ಲ, ಅವನು ಅದನ್ನು ಹಿಂದಕ್ಕೆ ಪಡೆಯಬಲ್ಲ. ಅಂದರೆ ತತ್ವದಲ್ಲಿ ಗೆದ್ದದ್ದು ನಾರಾಯಣಯ್ಯ, ಮಕ್ಕಳು ಉಳಿದದ್ದು ಆನಿ ಬೆಸೆಂಟರ ಬಳಿ.

ಸ್ವಾತಂತ್ರ್ಯದ ನಂತರದ ಕಥೆಯನ್ನು ಬೇಗ ಹೇಳಬಹುದು. 1955ರ ಹಿಂದೂ ವಿವಾಹ ಕಾಯಿದೆಯ 26ನೇ ಕಲಮು, ವಿಚ್ಛೇದನದ ಮೊಕದ್ದಮೆಯಲ್ಲೇ ಮಕ್ಕಳ ಬಗ್ಗೆ ಆದೇಶ ಮಾಡುವ ಅಧಿಕಾರ ಕೊಟ್ಟಿತು. 1956ರ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವದ ಕಾಯಿದೆ, ಸ್ವಾಭಾವಿಕ ಪೋಷಕ ತಂದೆ, ‘ಅವನ ನಂತರ’ ತಾಯಿ ಎಂದಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದೂ ಸೇರಿಸಿತು. ಆ ‘ನಂತರ’ ಎಂಬ ಒಂದು ಪದಕ್ಕಾಗಿ ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ತಾಯಿಯ ಸಹಿ ಸಾಲದು ಎಂದಿದ್ದರು. 1999ರಲ್ಲಿ ನ್ಯಾಯಾಲಯ, ‘ನಂತರ’ ಎಂದರೆ ತಂದೆ ಸತ್ತ ನಂತರ ಎಂದಲ್ಲ, ತಂದೆ ಮಗುವಿನ ಹೊಣೆ ಹೊರದಿದ್ದಾಗಲೂ ಎಂದರ್ಥ ಎಂದಿತು. 1890ರ ಕಾಯಿದೆಯ 19ನೇ ಕಲಮಿಗೆ ತಾಯಿಯ ಹೆಸರು ಸೇರಿದ್ದು 2010ರಲ್ಲಿ. 120 ವರ್ಷ ಬೇಕಾಯಿತು.

ಇಷ್ಟರಲ್ಲಿ ನೆಲದ ಮೇಲಿನ ಸ್ಥಿತಿ ತಿರುವುಮುರುವಾಗಿತ್ತು. ಪುಸ್ತಕದಲ್ಲಿ ತಂದೆ ಮೊದಲಿಗನಾದರೂ ಚಿಕ್ಕ ಮಕ್ಕಳು ಬಹುಮಟ್ಟಿಗೆ ತಾಯಿಯ ಜೊತೆ, ಭೇಟಿಯ ಅರ್ಜಿ ಹಿಡಿದು ನಿಲ್ಲುವವನು ಅಪ್ಪ. ‘ಭೇಟಿ’ ಎಂಬ ಕನ್ನಡ ಪದವೂ ನನಗೆ ಹಿಡಿಸುವುದಿಲ್ಲ. ಭೇಟಿ ಕೊಡುವುದು ದೇವಸ್ಥಾನಕ್ಕೆ, ಮಂತ್ರಿಗಳಿಗೆ. ಮಗಳ ತಲೆಗೆ ಎಣ್ಣೆ ಹಚ್ಚುವುದು ಭೇಟಿಯಲ್ಲ.

ಇದಕ್ಕೆ ಬೇರೆ ದಾರಿ ತೋರಿಸಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ. ಒಂದು ಮೊಕದ್ದಮೆಯಲ್ಲಿ ಅದು ಮಗುವಿನ ವರ್ಷವನ್ನೇ ಸಮನಾಗಿ ಹಂಚಿತು. ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ. ಶನಿವಾರ ಭಾನುವಾರ ಇನ್ನೊಬ್ಬರು ನೋಡಬಹುದು. ಓದಿನ ಖರ್ಚು ಅರ್ಧರ್ಧ. ಫೋನು, ವಿಡಿಯೋ ಮಾತುಕತೆಗೆ ಮಗುವಿಗೆ ಅಡ್ಡಿ ಮಾಡುವಂತಿಲ್ಲ. ಕೇಂದ್ರ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಯ ಉದಾಹರಣೆಯಾಗಿ ಇದನ್ನು ವಿವರಿಸಿದೆ. ಮೊದಲ ಸಲ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಎರಡನೆಯ ಸಲ ಓದುವಾಗ ಕಸುಬಿನ ಬುದ್ಧಿ ಎಚ್ಚರವಾಯಿತು. ಇದು ದೊಡ್ಡವರ ಕ್ಯಾಲೆಂಡರು. ಮಕ್ಕಳ ವರ್ಷ ಶುರುವಾಗುವುದು ಜೂನ್‌ನಲ್ಲಿ. ಹೊಸ ಪುಸ್ತಕಕ್ಕೆ ಬೈಂಡು ಹಾಕಿ, ಹೊಸ ಟೀಚರ್ ಹೆಸರು ಕಲಿತು, ಪಕ್ಕದಲ್ಲಿ ಕೂರುವ ಗೆಳತಿ ಯಾರೆಂದು ನಿಕ್ಕಿಯಾಗುವ ಹೊತ್ತಿಗೆ ಮನೆ ಬದಲಾಯಿಸಬೇಕು. ಇಬ್ಬರ ಮನೆಯೂ ಒಂದೇ ಊರಲ್ಲಿದ್ದರೆ ಹೇಗೋ ನಡೆಯುತ್ತದೆ. ಒಬ್ಬರು ಚೆನ್ನೈ, ಒಬ್ಬರು ಬೆಂಗಳೂರು ಎಂದಾದರೆ ಶಾಲೆಯೇ ಬದಲಾಗಬೇಕು. ನನ್ನ ವಕೀಲರು ಅಂಥದೊಂದನ್ನು ಕೇಳೋಣವೇ ಎಂದಾಗ ನಾನು ಬೇಡ ಎಂದದ್ದು ಈ ಕಾರಣಕ್ಕೆ.

2020ರಲ್ಲಿ ಸುಪ್ರೀಂ ಕೋರ್ಟ್, ತಾಯಿ ಮಗುವಿನೊಂದಿಗೆ ಅಮೆರಿಕದಿಂದ ಮರಳಿದ್ದ ಒಂದು ಪ್ರಕರಣದಲ್ಲಿ, ಭೇಟಿಯ ಹಕ್ಕಿನ ಜೊತೆಗೆ ‘ಸಂಪರ್ಕದ ಹಕ್ಕು’ ಎಂಬ ಇನ್ನೊಂದನ್ನು ಒತ್ತಿ ಹೇಳಿತು. ದೂರದಲ್ಲಿರುವ ತಂದೆಯೋ ತಾಯಿಯೋ ದಿನಕ್ಕೆ ಐದರಿಂದ ಹತ್ತು ನಿಮಿಷವಾದರೂ ಮಗುವಿನ ಜೊತೆ ಮಾತಾಡುವಂತಿರಬೇಕು ಎಂದು. ನಮ್ಮ ಆದೇಶದಲ್ಲಿ ರಾತ್ರಿ ಎಂಟಕ್ಕೆ ಹದಿನೈದು ನಿಮಿಷ ಇದೆ. ಆ ಹೊತ್ತಿಗೆ ನನ್ನ ಟೀಮಿನವರು ಯಾರೂ ಮೀಟಿಂಗ್ ಇಡುವುದಿಲ್ಲ, ಕಾರಣ ಕೇಳುವುದೂ ಇಲ್ಲ. ಹದಿನೈದರಲ್ಲಿ ಹತ್ತು ನಿಮಿಷ ಅವಳು ಕ್ಯಾಮೆರಾವನ್ನು ಬೆಕ್ಕಿನ ಕಡೆ ತಿರುಗಿಸಿರುತ್ತಾಳೆ.

ಮಗುವನ್ನು ಒಂದು ಮಾತು ಕೇಳಬೇಕಿತ್ತು ಎಂದು ಪ್ರೀವಿ ಕೌನ್ಸಿಲ್ ಅಂದು ಎತ್ತಿದ ಪ್ರಶ್ನೆಗೆ 1890ರ ಕಾಯಿದೆಯಲ್ಲೇ ಜಾಗವಿದೆ. ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಮಗುವಿನ ಇಷ್ಟವನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳಬಹುದು ಎನ್ನುತ್ತದೆ 17ನೇ ಕಲಮು. ವಯಸ್ಸು ಇಷ್ಟೇ ಎಂದು ಬರೆದಿಲ್ಲ. ಹಾಗಾಗಿ ಈಗ ನ್ಯಾಯಾಧೀಶರು ಮಕ್ಕಳನ್ನು ತಮ್ಮ ಕೊಠಡಿಗೆ ಕರೆದು, ಅಪ್ಪ ಅಮ್ಮ ವಕೀಲರು ಯಾರೂ ಇಲ್ಲದೆ ಮಾತಾಡಿಸುವುದುಂಟು. ನನ್ನ ಮಗಳನ್ನೂ ಕರೆದಿದ್ದರು. ಆಗ ಅವಳಿಗೆ ಆರು ವರ್ಷ. ಬಾಗಿಲು ಹಾಕಿಕೊಂಡಿತು. ಹೊರಗಿನ ಬೆಂಚಿನ ಆ ತುದಿಯಲ್ಲಿ ಅವಳ ತಾಯಿ, ಈ ತುದಿಯಲ್ಲಿ ನಾನು. ಹತ್ತು ನಿಮಿಷ ಆಗಿರಬೇಕು. ಒಳಗೆ ಅವರು ಏನು ಕೇಳಿದರು, ಇವಳು ಏನು ಹೇಳಿದಳು ಎಂದು ನಾನು ಇಂದಿನವರೆಗೆ ಕೇಳಿಲ್ಲ, ಅವಳ ತಾಯಿಯೂ ಕೇಳಿಲ್ಲವಂತೆ. ಹೊರಗೆ ಬಂದವಳು ಇಬ್ಬರ ನಡುವೆ ಖಾಲಿಯಿದ್ದ ಜಾಗದಲ್ಲಿ ಕೂತು, ನೀರು ಬೇಕು ಅಂದಳು. ಬಾಟಲಿ ಇದ್ದದ್ದು ಅಮ್ಮನ ಚೀಲದಲ್ಲಿ, ಅದರ ಮುಚ್ಚಳ ಬಿಗಿಯಾಗಿತ್ತು. ತೆಗೆದುಕೊಡು ಅಂತ ಅವಳು ಅದನ್ನು ನನ್ನ ಕೈಗೆ ಕೊಟ್ಟಳು.